ನೂರು ಬಿಲ್ಲೆ

ಅಂಬತ್ತೂರಿನಿಂದ ಹೊರಟ ಬಸ್ಸು ಮಾಧವರಂ ಸೇರುವುದಕ್ಕೆ ಇನ್ನೂ ಎರಡು ಸ್ಟಾಪು ಇರುವಾಗಲೇ ವಾಸಂತಿ ಸೆರಗಿನ ತುದಿಯನ್ನು ಮೂಗಿನ ಹತ್ತಿರ ತಂದುಕೊಂಡಳು. ವಾಸನೆ ಇನ್ನೂ ಬಂದಿರಲಿಲ್ಲ, ಬರುತ್ತದೆಂದು ಗೊತ್ತಿತ್ತು. ಒಡೆದ ಹಾಲಿನ, ಹುಳಿ ಹತ್ತಿದ, ಎಲ್ಲಿಂದ ಏಳುತ್ತದೆಂದು ಯಾರೂ ಬೊಟ್ಟು ಮಾಡಿ ತೋರಿಸಲಾರದ ಒಂದು ವಾಸನೆ; ಮಣಲಿಯ ಎಣ್ಣೆ ಕಾರ್ಖಾನೆ ಕಡೆಯಿಂದ ಗಾಳಿ ಬೀಸಿದ ದಿನ ಅದಕ್ಕೆ ಎಣ್ಣೆಯ ಕಮಟೂ ಸೇರಿಕೊಳ್ಳುತ್ತಿತ್ತು. ಆರು ವರ್ಷದಿಂದ ತಪ್ಪದೆ ಪ್ರತಿ ಭಾನುವಾರ ಬಂದು ಬಂದು, ಅದು ಈ ಜಾಗದ ವಾಸನೆಯೋ ಅಣ್ಣನ ವಾಸನೆಯೋ ಎಂದು ಬೇರೆ ಮಾಡಲು ಅವಳಿಗೆ ಆಗುತ್ತಿರಲಿಲ್ಲ. ಮೊನ್ನೆ ಅವಳು ಕೆಲಸ ಮಾಡುವ ವಿಮಾ ಕಚೇರಿಯ ಕ್ಯಾಂಟೀನಿನಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಸೀದಾಗ, ನಂಜಣ್ಣ ಬಂದು ಬೆನ್ನ ಹಿಂದೆ ನಿಂತ ಹಾಗೆ ಅನ್ನಿಸಿ, ಕೈಯಲ್ಲಿದ್ದ ಫೈಲನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟಿದ್ದಳು. ತಿರುಗಿ ನೋಡಲು ಮನಸ್ಸಾಗಿರಲಿಲ್ಲ. ಅಸಹ್ಯ, ಎಂದುಕೊಂಡಿದ್ದಳು. ಒಡಹುಟ್ಟಿದವನ ಬಗ್ಗೆ ಆ ಮಾತನ್ನು ಮನಸ್ಸಿನಲ್ಲಾದರೂ ಅಷ್ಟು ಬಿಡಿಸಿ ಆಡಿಕೊಂಡದ್ದು ಅದೇ ಮೊದಲು. ಆಡಿಕೊಂಡ ಮೇಲೆ ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಅಲ್ಲೇ ಉಳಿಯಿತು.

ತೊಡೆಯ ಮೇಲೆ ಕೋಡುಬಳೆ ತುಂಬಿದ ಸ್ಟೀಲ್ ಡಬ್ಬಿ ಇತ್ತು. ಅಣ್ಣನನ್ನು ಇಟ್ಟಿದ್ದ ಮಾನಸಿಕ ರೋಗಿಗಳ ಕೇಂದ್ರದ ಗೇಟಿನಲ್ಲಿ ಆಳು ತಿರುಮಲ ಎಂದಿನಂತೆ 'ವಾಂಗಮ್ಮಾ' ಎಂದು ಒಳಗೆ ಕರೆದು ಬೀಗ ತೆಗೆದು, ಎಂದಿನಂತೆ ಡಬ್ಬಿಗೆ ಕೈಚಾಚಿದ. ಹೊರಗಿನ ತಿಂಡಿಯನ್ನು ಮನೆಯವರು ನೇರ ಕೈಗೆ ಕೊಡುವಂತಿಲ್ಲ. ಬಿಟ್ಟಿ ಸಿಕ್ಕರೆ, ಒಳ್ಳೆಯ ನಡತೆಗೆಂದು ಇಲ್ಲಿ ಕೊಡುವ ಟೋಕನ್ನಿಗೆ ಬೆಲೆ ಇರುವುದಿಲ್ಲ. ಡಬ್ಬಿ ಒಳಗಿನ ಚಿಕ್ಕ ಅಂಗಡಿಗೆ ಹೋಗುತ್ತದೆ, ಅಲ್ಲಿ ಗಾಜಿನ ಜಾಡಿಯಲ್ಲಿ ಕೂರುತ್ತದೆ, ಬೇಕಾದವರು ಟೋಕನ್ ಕೊಟ್ಟು ಕೊಳ್ಳುತ್ತಾರೆ. ಹೋದ ವರ್ಷ ಈ ಪದ್ಧತಿ ಶುರುವಾದಾಗ ಗೋಡೆಗೆ ಅಂಟಿಸಿದ ಪಟ್ಟಿ ಈಗ ಅಂಚಿನಲ್ಲಿ ಸುರುಳಿ ಬಿದ್ದಿತ್ತು. ಸ್ನಾನಕ್ಕೆ ಎರಡು, ಹಲ್ಲುಜ್ಜಿದರೆ ಒಂದು, ಹಾಸಿಗೆ ಮಡಿಚಿದರೆ ಒಂದು, ಬಾಯಿ ಒರೆಸಿಕೊಂಡು ಅಂಗಿ ಒದ್ದೆಯಾಗದಂತೆ ನೋಡಿಕೊಂಡರೆ ಒಂದು, ಇಡೀ ದಿನ ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳದೆ ಇದ್ದರೆ ಮೂರು. ಜಗಳಕ್ಕೆ ದಂಡ ಐದು. ಕೆಳಗೆ ಬೇರೆ ಬಣ್ಣದಲ್ಲಿ: ಸಂಜೆಯ ಕಾಫಿ ಎರಡು, ಟಿ.ವಿ. ಒಂದು ಗಂಟೆ ಎರಡು, ಕೋಡುಬಳೆಯಂಥ ತಿಂಡಿ ಮೂರು. ಎಲ್ಲಕ್ಕಿಂತ ಕೆಳಗೆ: ಒಂದು ದಿನ ಮನೆಗೆ, ನೂರು. ಮೊದಮೊದಲು ಅವಳಿಗೆ ಈ ಪಟ್ಟಿ ಚೆನ್ನಾಗಿ ಕಂಡಿತ್ತು. ಹನ್ನೆರಡು ವರ್ಷ ಅಮ್ಮ ಅತ್ತು ಕರೆದು, ಕಾಲು ಹಿಡಿದು ಮಾಡಿಸಲಾಗದೆ ಹೋದ ಸ್ನಾನವನ್ನು ಒಂದು ಪ್ಲಾಸ್ಟಿಕ್ ಚೂರು ಮಾಡಿಸಿಬಿಟ್ಟಿತ್ತು. ಅಮ್ಮ ಇದ್ದಿದ್ದರೆ ಸಂತೋಷಪಡುತ್ತಿದ್ದಳೋ ನಾಚಿಕೊಳ್ಳುತ್ತಿದ್ದಳೋ ಎಂದು ಯೋಚಿಸಿ, ಯೋಚನೆಯನ್ನು ಅರ್ಧಕ್ಕೆ ಬಿಟ್ಟಿದ್ದಳು.

ನಂಜುಂಡ ಬಂದ. ಐವತ್ತನಾಲ್ಕು ವರ್ಷದ ಗಂಡಸು, ತಲೆಗೆ ನೀರು ಹಚ್ಚಿ ಬೈತಲೆ ತೆಗೆದುಕೊಂಡು, ಅಂಗಿಯ ಕೊರಳಿನ ಗುಂಡಿಯನ್ನೂ ಬಿಡದೆ ಹಾಕಿಕೊಂಡು ಬಂದ. ಮಾತ್ರೆಯಿಂದ ಅವನಿಗೆ ಜೊಲ್ಲು ಸುರಿಯುತ್ತಿತ್ತು. ಎದುರಿಗೆ ಕೂತವನು ಕರವಸ್ತ್ರ ತೆಗೆದು ತುಟಿಯ ಎರಡೂ ಕೊನೆ ಒರೆಸಿಕೊಂಡು, ತಕ್ಷಣ ಬಾಗಿಲ ಕಡೆ ತಿರುಗಿ ತಿರುಮಲ ನೋಡಿದನೋ ಇಲ್ಲವೋ ಎಂದು ನೋಡಿದ. ತಿರುಮಲ ಫೋನಿನಲ್ಲಿದ್ದ. ಅವನು ತಲೆ ಎತ್ತುವವರೆಗೆ ಕಾದು ನಂಜುಂಡ ಮತ್ತೊಮ್ಮೆ, ಒರೆಸುವುದಕ್ಕೇನೂ ಇಲ್ಲದಿದ್ದರೂ, ಒರೆಸಿಕೊಂಡ. ವಾಸಂತಿ ಮುಖ ತಿರುಗಿಸಿದಳು. ಜೊಲ್ಲನ್ನು ನೋಡುವುದೇ ಇದಕ್ಕಿಂತ ಮೇಲಾಗಿತ್ತು. ಅವಳಿಗೆ ಅಕ್ಷರ ತಿದ್ದಿಸಿದವನು ಇವನು. ಶಾಲೆಯಲ್ಲಿ ತಮಿಳು, ಮನೆಯಲ್ಲಿ ಅರಸೀಕೆರೆಯ ಕನ್ನಡ. ಬರೆಯಲು ಬಾರದ ತಂಗಿಯನ್ನು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಳಕಾರದ ಹೊಟ್ಟೆ ಸರಿಯಾಗುವ ತನಕ ಬಿಡುತ್ತಿರಲಿಲ್ಲ. ಒಮ್ಮೆಯೂ ಶಭಾಷ್ ಅಂದವನಲ್ಲ. ಸರಿಯಾದರೆ ಅಳಿಸಿ ಮುಂದಿನದನ್ನು ಬರೆಯುತ್ತಿದ್ದ, ಅಷ್ಟೆ.

"ಬಂದ್ಯಾ ವಾಸು. ತೊಂಬತ್ತಾರಾಯ್ತು."

"ಏನು?"

"ಬಿಲ್ಲೆ. ನಾಳೆ ನೂರು. ಬರೋ ಭಾನುವಾರ ಮನೆಗೆ ಬರ್ತೀನಿ."

ಅವನೊಬ್ಬನೇ ಅದನ್ನು ಬಿಲ್ಲೆ ಎನ್ನುತ್ತಿದ್ದದ್ದು. ಅಪ್ಪ ಕಾರ್ಖಾನೆಗೆ ಹೋಗುವಾಗ ಹಾಜರಿಗೆಂದು ಒಯ್ಯುತ್ತಿದ್ದ ಹಿತ್ತಾಳೆಯ ಬಿಲ್ಲೆಯ ಹೆಸರು ಇದಕ್ಕೆ ಬಂದಿತ್ತು. ಅಂಗಿಯ ಒಳಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡಿದ್ದ ಬಟ್ಟೆಚೀಲವನ್ನು ಅವನು ಬಿಚ್ಚಿ, ಅವಳ ಅಂಗೈ ಹಿಡಿದೆಳೆದು, ಹಳದಿ ಬಿಲ್ಲೆಗಳನ್ನು ಸುರಿದ. ಕೈ ತುಂಬಿ ಮೇಜಿನ ಮೇಲೆ ಚೆಲ್ಲಿದವು. ಎದೆಯ ಬೆವರಿಗೆ ಬೆಚ್ಚಗೆ, ಒದ್ದೆಯಾಗಿದ್ದವು. ಆಗತಾನೆ ಯಾರದೋ ಬಾಯಿಂದ ತೆಗೆದಂತಿದ್ದವು. ಅವಳ ಕೈ ತನ್ನಷ್ಟಕ್ಕೆ ಹಿಂದೆ ಸರಿಯಿತು. ಅವನು ಒಂದೊಂದನ್ನೇ ಆರಿಸಿ ಹತ್ತರ ಗುಡ್ಡೆ ಮಾಡತೊಡಗಿದ.

"ಕಾಫಿ ಬಿಟ್ಟೆ. ಟಿ.ವಿ. ಬಿಟ್ಟೆ. ನೀನು ತಂದ ಕೋಡ್ಬಳೆ ಬೇರೆಯವರು ತಿಂದ್ರು, ನಾನು ತಗೊಳ್ಲಿಲ್ಲ. ಚೆನ್ನಾಗಿತ್ತಂತೆ."

"ನಿಂಗೇ ಅಂತ ಮಾಡಿದ್ದು ನಂಜಣ್ಣ."

"ಮೂರು ಬಿಲ್ಲೆ ವಾಸು, ಒಂದಕ್ಕೆ," ಎಂದ, ತಿಳಿಯದವಳಿಗೆ ಹೇಳುವಂತೆ.

ಹಿಂದೆಲ್ಲ ಐವತ್ತು ಅರವತ್ತು ದಾಟುವಷ್ಟರಲ್ಲಿ ಏನಾದರೂ ಆಗಿ ದಂಡ ಬೀಳುತ್ತಿತ್ತು. ಅಥವಾ ಅವನೇ ಬೇಸತ್ತು ಎಲ್ಲವನ್ನೂ ಕಾಫಿಗೆ ಸುರಿಯುತ್ತಿದ್ದ. ಹಾಗೆ ಬಿದ್ದಾಗಲೆಲ್ಲ ವಾಸಂತಿ ಫೋನಿನಲ್ಲಿ 'ಅಯ್ಯೋ ಪಾಪ' ಎನ್ನುತ್ತಿದ್ದಳು, ಫೋನಿಟ್ಟ ಮೇಲೆ ಭುಜ ಸಡಿಲವಾಗುತ್ತಿತ್ತು. ಈಗ ಭುಜ ಗಟ್ಟಿಯಾಗಿತ್ತು. ಪದ್ಧತಿ ಶುರುವಾಗುವ ಮುಂಚೆ ಮನಶ್ಶಾಸ್ತ್ರದ ಹುಡುಗಿ ನಂದಿತಾ ಒಂದು ಫಾರಂ ಕೊಟ್ಟಿದ್ದಳು: ಅವರಿಗೆ ಏನೇನು ಇಷ್ಟ, ಬರೆಯಿರಿ. ವಾಸಂತಿ ಬರೆದಿದ್ದಳು, ಫಿಲ್ಟರ್ ಕಾಫಿ, ಚಿತ್ರಾನ್ನ, ರೇಡಿಯೋ. ಸಾಲು ಖಾಲಿ ಉಳಿಯಿತೆಂದು 'ಮನೆ' ಎಂದೂ ಬರೆದಿದ್ದಳು. ನಂದಿತಾ ಅದರ ಸುತ್ತ ಗೆರೆ ಎಳೆದು, 'ಇದೇ ಆಂಟಿ, ಇದಕ್ಕೆ ಅವ್ರು ಏನು ಬೇಕಾದ್ರೂ ಮಾಡ್ತಾರೆ, ಐವತ್ತು ಇಡುವಾ' ಅಂದಿದ್ದಳು. 'ನೂರು ಇರ್ಲಿ' ಎಂದವಳು ವಾಸಂತಿ. ಯಾಕೆ ಎಂದು ಆ ಹುಡುಗಿ ಕೇಳಿರಲಿಲ್ಲ. ಕೇಳಿದ್ದರೆ ಹೇಳಲು ಕಾರಣವೂ ಇರಲಿಲ್ಲ. ಗಂಡ ಬೇಡವೆಂದವರಲ್ಲ, ಅಂಬತ್ತೂರಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿ ನೂರು ಜನರನ್ನು ಕಂಡವರು, 'ಬರ್ಲಿ ಬಿಡು, ಒಂದು ದಿನ ತಾನೆ' ಎನ್ನುತ್ತಿದ್ದರು. ಮಗಳು ಶ್ರೀಯಾ ಸೋದರಮಾವನನ್ನು ಕಂಡರೆ ನಗುತ್ತಾಳೆ. ಬೇಡವಾಗಿದ್ದದ್ದು ಒಬ್ಬಳಿಗೆ. ಅವನು ಕುಡಿದ ಲೋಟದ ಅಂಚು, ಅವನು ಒರಗಿದ ದಿಂಬಿನ ಒದ್ದೆ, ಊಟದ ನಡುವೆ ಕೈ ನಿಲ್ಲಿಸಿ ಯಾರಿಗೋ ತಲೆದೂಗುವಾಗ ಗಲ್ಲದಿಂದ ಇಳಿಯುವ ಸಾರು. ಇಷ್ಟೇ. ಇಷ್ಟನ್ನು ಯಾರ ಮುಂದೆಯೂ ಕಾರಣವೆಂದು ಇಡಲಾಗದು.

"ಅಕ್ಕು ಜೊತೆ ಮಾತು ಬಿಟ್ಯಾ ಹಾಗಾದ್ರೆ?" ಎಂದಳು. ಅಕ್ಕು ಅವನ ಇಪ್ಪತ್ತೆರಡನೇ ವರ್ಷದಿಂದ ಅವನೊಬ್ಬನಿಗೇ ಕೇಳಿಸುವ ಹೆಂಗಸು. ಒಳ್ಳೆಯವಳು, ಬೈಯುವುದಿಲ್ಲ, ಬೇರೆ ದನಿಗಳು ಬೈದಾಗ ಇವಳು ಸಮಾಧಾನ ಮಾಡುತ್ತಾಳಂತೆ. ಒಂದು ದಿನಕ್ಕೆ ಮೂರು ಬಿಲ್ಲೆ ಬರಬೇಕಾದರೆ ಅಕ್ಕುವಿಗೆ ಉತ್ತರ ಕೊಡಬಾರದು.

ಅವನು ಬಾಗಿಲ ಕಡೆ ನೋಡಿ ಮುಂದಕ್ಕೆ ಬಗ್ಗಿದ. ಆ ಉಸಿರು ಅವಳ ಮುಖಕ್ಕೆ ತಾಗಿತು.

"ಬಿಡೋದುಂಟೇ. ಪಾಪ, ಒಬ್ಳೇ ಇರ್ತಾಳೆ. ಬಾಯಿ ಮುಚ್ಕೊಂಡು ಮಾತಾಡ್ತೀನಿ. ನಾಲಗೇನ ಹಲ್ಲಲ್ಲಿ ಕಚ್ಚಿ ಹಿಡ್ಕೊಂಡ್ರೆ ತುಟಿ ಅಲ್ಲಾಡಲ್ಲ. ಹತ್ತು ದಿನದಿಂದ ಒಬ್ರಿಗೂ ಗೊತ್ತಾಗಿಲ್ಲ."

ಹೇಳಿ ನಾಲಗೆ ಚಾಚಿ ತೋರಿಸಿದ. ಎರಡೂ ಪಕ್ಕ ಹಲ್ಲಿನ ಗುರುತು ಆಳವಾಗಿ ಕೂತಿತ್ತು. ಒಂದು ಕಡೆ ಚರ್ಮ ಎದ್ದು, ಬಿಳಿಗಟ್ಟಿ, ನಡುವೆ ಕೆಂಪಗೆ ಒಸರುತ್ತಿತ್ತು.  ಅವನು ನಾಲಗೆ ಒಳಗೆಳೆದುಕೊಂಡು ನಕ್ಕ. ಮಾರ್ಕ್ಸ್‌ ಕಾರ್ಡು ತೋರಿಸಿದವನ ನಗು.

"ಯಾರಿಗೂ ಹೇಳ್ಬೇಡ."

"ಇಲ್ಲ," ಎಂದಳು.

ಕೈತೊಳೆಯುವ ಜಾಗದಲ್ಲಿ ಸೋಪು ಕರಗಿ ಲೋಳೆಯಾಗಿತ್ತು. ಆ ಲೋಳೆಯನ್ನೇ ಉಜ್ಜಿ ಉಜ್ಜಿ ಮೂರು ಸಲ ಕೈ ತೊಳೆದಳು. ಕನ್ನಡಿಯಲ್ಲಿ ಕಂಡ ಮುಖ ಶಾಂತವಾಗಿತ್ತು, ಯೋಗ್ಯ ಹೆಂಗಸಿನ ಮುಖ, ವರ್ಷಗಟ್ಟಲೆ ಅಣ್ಣನನ್ನು ನೋಡಿಕೊಂಡವಳೆಂದು ನೆಂಟರು ಹೊಗಳುವ ಮುಖ. ನಂದಿತಾ ತನ್ನ ಕೋಣೆಯಲ್ಲಿ ಫಾರಂ ತೆಗೆದಿಟ್ಟುಕೊಂಡೇ ಕಾಯುತ್ತಿದ್ದಳು. ಅವಳೂ ಕನ್ನಡದವಳೇ, ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲು ಇಟ್ಟವರ ಮೊಮ್ಮಗಳು. ವಾಸಂತಿಯೊಡನೆ ಕನ್ನಡ ಆಡುವುದೆಂದರೆ ಅವಳಿಗೆ ಖುಷಿ.

"ಆಂಟಿ, ಅಂಕಲ್ ಎಷ್ಟು ಇಂಪ್ರೂವ್ ಆಗಿದ್ದಾರೆ ಗೊತ್ತುಂಟಾ? ಇದು ಶುರುವಾದ ಮೇಲೆ ನೂರು ಮುಟ್ಟುವ ಫಸ್ಟ್ ಪೇಶಂಟ್ ಇವರು. ಇಲ್ಲಿ ಒಂದು ಸೈನ್ ಮಾಡಿ, ಮುಂದಿನ ಸಂಡೇ ಬೆಳಿಗ್ಗೆ ಎಂಟಕ್ಕೆ ಕರ್ಕೊಂಡು ಹೋಗ್ಬಹುದು."

ವಾಸಂತಿ ಪೆನ್ನು ತೆಗೆದುಕೊಂಡಳು. ವಾಸಂತಿ ಎಂಬುದರ ಮೊದಲ ಅಕ್ಷರವನ್ನೂ ಬರೆದಳು. ಅಲ್ಲಿಗೆ ಪೆನ್ನು ನಿಂತಿತು. ಒಳಗಿನಿಂದ ಎದ್ದ ಮಾತು ಎಷ್ಟು ಸಲೀಸಾಗಿ, ಎಷ್ಟು ಕಾಳಜಿಯ ದನಿಯಲ್ಲಿ ಬಂತೆಂದರೆ ಅವಳಿಗೇ ಅದು ಬೇರೆ ಯಾರೋ ಆಡಿದಂತೆ ಕೇಳಿಸಿತು.

"ಒಂದು ವಿಷಯ ಹೇಳ್ಬೇಕಮ್ಮ. ಹೇಳದೇ ಇದ್ರೆ ತಪ್ಪಾಗತ್ತೆ."

ಹೇಳಿದಳು. ನಾಲಗೆಯ ಗಾಯದಿಂದ ಶುರುಮಾಡಿದಳು, ಯಾಕೆಂದರೆ ಅದು ನಿಜವಾಗಿಯೂ ಹೇಳಬೇಕಾದದ್ದಾಗಿತ್ತು. ಕೀವಾದೀತು, ಊಟ ಸೇರದೆ ಹೋದೀತು. ಅಕ್ಕುವನ್ನು ಅದರ ಹಿಂದೆ ಸೇರಿಸಿದಳು. ನಂದಿತಾಳ ಮುಖ ಬಾಡಿತು. ನರ್ಸನ್ನು ಕರೆದಳು, ಡಾಕ್ಟರಿಗೆ ಫೋನು ಮಾಡಿದಳು, ತಮಿಳಿನಲ್ಲಿ ಬೇಗ ಬೇಗ ಮಾತಾಡಿದಳು. ಆಮೇಲೆ ಫಾರಮನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

"ಸಿಂಪ್ಟಮ್ಸ್ ಅಡಗಿಸಿ ಇಟ್ಕೊಂಡಿದ್ರೆ ಹೊರಗೆ ಕಳಿಸ್ಲಿಕ್ಕೆ ಡಾಕ್ಟರ್ ಒಪ್ಪುದಿಲ್ಲ. ಆ ಹತ್ತು ದಿನದ ಮೂರು ಮೂರು ಕಟ್ ಮಾಡ್ಬೇಕಾಗ್ತದೆ. ಮೂವತ್ತು." ಫಾರಮನ್ನು ಫೈಲಿಗೆ ಸೇರಿಸುತ್ತ ಅಂದಳು, "ಆದ್ರೂ ಥ್ಯಾಂಕ್ಸ್ ಆಂಟಿ. ನಿಮ್ಮ ಹಾಗೆ ಕೋಆಪರೇಟ್ ಮಾಡುವ ಫ್ಯಾಮಿಲಿ ಸಿಗುದೇ ಇಲ್ಲ ನಮ್ಗೆ."

ಹೊಗಳಿಕೆ ಕಿವಿಯಿಂದಿಳಿದು ಎದೆಯಲ್ಲಿ ಎಲ್ಲೋ ಬೆಚ್ಚಗೆ ಹರಡಿತು. ಅದನ್ನು ತಡೆಯಲು ಅವಳಿಗೆ ಆಗಲಿಲ್ಲ. ಮಾಡಿದ್ದು ಸರಿಯಾದದ್ದೇ, ಡಾಕ್ಟರನ್ನು ಕೇಳಿದರೂ ಸರಿ ಎನ್ನುತ್ತಾರೆ. ಆ ಸರಿಯೇ ಅವಳಿಗೆ ವಾಕರಿಕೆ ತರಿಸಿತು. ತಪ್ಪು ಮಾಡಿದ್ದರೆ ತಪ್ಪೆಂದಾದರೂ ಒಪ್ಪಿಕೊಳ್ಳಬಹುದಿತ್ತು. ಹೊರಡುವಾಗ ಪಡಸಾಲೆಯ ಕಿಟಕಿಯಿಂದ ಕಂಡಳು: ನಂಜುಂಡ ಮೇಜಿನ ಮೇಲಿನ ಗುಡ್ಡೆಗಳನ್ನು ಇನ್ನೂ ಚೀಲಕ್ಕೆ ತುಂಬಿರಲಿಲ್ಲ, ನಂದಿತಾ ಪಕ್ಕದಲ್ಲಿ ಬಗ್ಗಿ, ಮಗುವಿಗೆ ಹೇಳುವಂತೆ ಏನೋ ಹೇಳುತ್ತ, ಹತ್ತು ಹತ್ತರ ಮೂರು ಗುಡ್ಡೆಯನ್ನು ಅಂಗೈಗೆ ಬಳಿದುಕೊಂಡಳು. ಅವನು ತಡೆಯಲಿಲ್ಲ. ಉಳಿದದ್ದನ್ನು ಎಣಿಸತೊಡಗಿದ.

ಮನೆಯಲ್ಲಿ ಶ್ರೀಯಾ ಆಗಲೇ ತನ್ನ ಓದುವ ಮೇಜನ್ನು ಮೂಲೆಗೆ ಸರಿಸಿ, ಮುಂದಿನ ಕೋಣೆಯಲ್ಲಿ ಮಾಮನಿಗೆಂದು ಜಾಗ ಮಾಡಿದ್ದಳು. ನೂರರ ಹತ್ತಿರ ಬಂದಿದ್ದಾರೆಂದು ನಂದಿತಾ ಅವಳಿಗೆ ಮೊದಲೇ ಮೆಸೇಜು ಹಾಕಿದ್ದಳಂತೆ.

"ಅವನು ಬರೋದಿಲ್ಲ ಈಗ. ಬಿಲ್ಲೆ ಕಟ್ ಮಾಡಿದ್ರು," ಎಂದಳು ವಾಸಂತಿ, ಚಪ್ಪಲಿ ಬಿಡುತ್ತ.

"ಏನ್ಮಾ? ಮಾಮಾ ಎನ್ನ ಪಣ್ಣಾರು?" ಮಾಮ ಏನು ಮಾಡಿದರೆಂದು ಮಗಳು ಕೇಳಿದ್ದು ತಮಿಳಿನಲ್ಲಿ. ಕನ್ನಡ ಅರ್ಥವಾಗುತ್ತದೆ, ನಾಲಗೆಗೆ ಬರುವುದಿಲ್ಲ.

"ಕದ್ದು ಮಾತಾಡ್ತಿದ್ನಂತೆ, ಆ ಅಕ್ಕು ಜೊತೆ."

"ಯಾರು ಸೊನ್ನಾಂಗ ಅವಂಗಕಿಟ್ಟೆ?"

ಅವರಿಗೆ ಹೇಳಿದವರು ಯಾರು. ವಾಸಂತಿ ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದಳು. "ಯಾರೋ," ಎಂದದ್ದು ಸಾಸಿವೆ ಸಿಡಿಯುವ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ. ಅಂದು ಎರಡು ಸಲ ಅನ್ನ ಬಡಿಸಿಕೊಂಡಳು. ಮಧ್ಯಾಹ್ನ ಮಲಗಿದವಳು ಸಂಜೆ ಐದರವರೆಗೆ ಕನಸಿಲ್ಲದೆ ನಿದ್ದೆ ಮಾಡಿದಳು. ಎದ್ದಾಗ ತನ್ನದೇ ದಿಂಬಿನ ಮೇಲೆ ಎಂಜಲಿನ ಒಂದು ಒದ್ದೆ ಗುರುತು ಕಂಡು, ಅದನ್ನು ನೋಡುತ್ತ ಬಹಳ ಹೊತ್ತು ಕೂತಳು.

ವಾರವೆಲ್ಲ ಕಚೇರಿಯಲ್ಲಿ ಅವಳ ಕೈ ಮಾತ್ರ ಕೆಲಸ ಮಾಡಿತು. ಗುರುವಾರ ಒಬ್ಬ ಏಜೆಂಟನಿಗೆ ಹೆಚ್ಚು ಪಾಲಿಸಿ ತಂದದ್ದಕ್ಕೆ ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟರು. ಅವನು ಅದನ್ನು ಎದೆಗೆ ಹಿಡಿದು ಫೋಟೋಗೆ ನಿಂತಾಗ, ಸಾಹೇಬರು ನೋಡಿದರೋ ಎಂದು ಕಣ್ಣಿನ ಕೊನೆಯಲ್ಲಿ ನೋಡಿದ. ಚಪ್ಪಾಳೆ ತಟ್ಟುತ್ತಿದ್ದ ವಾಸಂತಿಯ ಕೈ ಅಲ್ಲೇ ನಿಂತಿತು. ಎಲ್ಲರೂ ಹೀಗೆಯೇ, ಎಂದುಕೊಳ್ಳಲು ನೋಡಿದಳು. ಹಾಗೆಂದುಕೊಂಡರೆ ಸ್ವಲ್ಪ ಹಗುರಾಗಬೇಕಿತ್ತು, ಆಗಲಿಲ್ಲ. ಇವನು ಸಂಜೆ ಗಡಿಯಾರ ಹಿಡಿದುಕೊಂಡು ತನ್ನ ಮನೆಗೆ ಹೋಗುತ್ತಾನೆ. ಮನೆಗೆ ಹೋಗುವುದಕ್ಕೆಂದು ಯಾರೂ ಇವನನ್ನು ಕುಣಿಸಿಲ್ಲ. ಶನಿವಾರದ ಹೊತ್ತಿಗೆ ಅವಳಿಗೆ ಒಂದು ವಿಷಯ ಸ್ಪಷ್ಟವಾಗಿತ್ತು: ನಾಳೆ ಹೋಗಿ ಅವನನ್ನು ಕರೆದುಕೊಂಡು ಬರುವುದು. ಅಸಹ್ಯ ಹೋಗದಿದ್ದರೆ ಬೇಡ, ಅಸಹ್ಯದ ಜೊತೆಗೇ ಬಡಿಸುವುದು. ಗಂಡನಿಗೆ ಹೇಳಿದಳು. ಅವರು ಪೇಪರಿನಿಂದ ತಲೆ ಎತ್ತಿ, "ನಾನೂ ಬರ್ಲಾ?" ಎಂದರು. ಬೇಡವೆಂದಳು.

ಭಾನುವಾರ ಹೋದಾಗ ನಂದಿತಾ ಮೊದಲೇ ಎಚ್ಚರಿಸಿದಳು. ಡಾಕ್ಟರು ಮಾತ್ರೆ ಹೆಚ್ಚಿಸಿದ್ದಾರೆ, ನಾಲಗೆ ವಾಸಿಯಾಗುತ್ತಿದೆ, ತೂಕಡಿಕೆ ಸ್ವಲ್ಪ ಜಾಸ್ತಿ. ವಾಸಂತಿ ನಿಂತೇ ಹೇಳಿದಳು, "ಇವತ್ತು ಕರ್ಕೊಂಡು ಹೋಗ್ತೀನಿ. ಬಿಲ್ಲೆ ಗಿಲ್ಲೆ ಬೇಡ. ನಮ್ಮನೆ ಅದು, ಪಟ್ಟೀಲಿ ಹಾಕಿದ್ದೇ ತಪ್ಪು."

ನಂದಿತಾ ಮೇಜಿನ ಮೇಲಿನ ಪೆನ್ನನ್ನು ನೇರ ಮಾಡಿದಳು. "ನಂಗೂ ಹಾಗೇ ಅನ್ನಿಸ್ತಾ ಉಂಟು ಆಂಟಿ. ಆವತ್ತು ಅವರ ಕೈಯಿಂದ ತಗೊಂಡು ಬಂದೆ ಅಲ್ವಾ, ಆಮೇಲೆ ಊಟ ಮಾಡ್ಲಿಕ್ಕೆ ಆಗ್ಲಿಲ್ಲ ನಂಗೆ. ನೀವು ಗಾರ್ಡಿಯನ್. ಡಾಕ್ಟರ್ ಹತ್ರ ನಾನು ಮಾತಾಡ್ತೇನೆ. ಅಂಕಲ್‌ನ ಕೇಳಿ."

ಅವನು ಪಡಸಾಲೆಯ ಬೆಂಚಿನ ಮೇಲೆ ಇದ್ದ. ಬೈತಲೆ, ಕೊರಳಿನ ಗುಂಡಿ ಎಲ್ಲ ಇತ್ತು. ಮುಖ ಮಾತ್ರ ನೆನೆದ ಬಟ್ಟೆಯ ಹಾಗೆ ಜೋತುಬಿದ್ದಿತ್ತು, ಜೊಲ್ಲು ಎದೆಯವರೆಗೆ ಇಳಿದಿತ್ತು. ಅವಳು ಪಕ್ಕದಲ್ಲಿ ಕೂತು ತನ್ನ ಸೆರಗಿನಿಂದಲೇ ಒರೆಸಿದಳು. ಮತ್ತೆ ಇಳಿಯಿತು. ಒರೆಸಿದಳು.

"ಏಳು ನಂಜಣ್ಣ, ಮನೆಗೆ ಹೋಗೋಣ."

ಅವನು ಅವಳನ್ನು ನಿಧಾನವಾಗಿ ನೋಡಿದ. "ನೂರು ಆಗಿಲ್ಲ."

"ಏನು?"

"ಇನ್ನೂ ನೂರು ಆಗಿಲ್ಲ ಅಂದೆ. ಹೋದ ವಾರ ಮೂವತ್ತು ಹೋಯ್ತಲ್ಲ, ಆಮೇಲೆ ತೂಕಡಿಸಿ ಕೆಲವು ತಪ್ತು. ಈಗ ತೊಂಬತ್ತೆರಡು."

"ಆಗದೇ ಇದ್ರೂ ಪರವಾಯಿಲ್ಲ. ಕೇಳಿದೀನಿ, ಬಿಡ್ತಾರೆ."

"ಬಿಟ್ರೂ ಬರೋ ಹಾಗಿಲ್ಲ." ತಲೆ ಅಲ್ಲಾಡಿಸಿದ. "ಆಗ್ಲಿ ಆಮೇಲೆ ಬರ್ತೀನಿ. ಈಗ ಬಂದ್ರೆ ಕಳ್ಳತನ ಮಾಡಿದ ಹಾಗಾಗತ್ತೆ. ಈಗ ಸುಲಭ ವಾಸು. ಅಕ್ಕು ಬರ್ತಿಲ್ಲ. ಮಾತಾಡೋಕೇ ಯಾರೂ ಇಲ್ಲ, ದಿನಾ ಮೂರು ಸುಮ್ನೆ ಸಿಗತ್ತೆ."

ವಾಸಂತಿ ಅವನ ಕೈ ಹಿಡಿದು ಎಳೆದಳು. ಅವನು ಬೆಂಚಿನ ಅಂಚನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ಇಬ್ಬರೂ ಹಾಗೆ ಒಂದು ಗಳಿಗೆ ಜಗ್ಗಾಡಿದರು. ಆಮೇಲೆ ಅವಳೇ ಬಿಟ್ಟಳು. ಬಿಟ್ಟದ್ದು ಎಷ್ಟು ಬೇಗ ಎಂದು ಅವಳಿಗೆ ತಿಳಿಯಿತು. ಇನ್ನೂ ಎಳೆಯಬಹುದಿತ್ತು. ಎಳೆಯುತ್ತಿದ್ದ ತೋಳಿನ ಒಳಗೇ ಯಾವುದೋ ನರ ಬಿಡು, ಬಿಡು ಎನ್ನುತ್ತಿತ್ತು.

ಅವನು ಅಂಗಿ ಸರಿಮಾಡಿಕೊಂಡು, ಸಿಟ್ಟಿಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ:

"ನಿಂಗೆಷ್ಟು ಕೊಟ್ರು ವಾಸು?"

"ಯಾಕೆ?"

"ಹೇಳಿದ್ದಕ್ಕೆ. ನಿಂಗೊಬ್ಳಿಗೇ ಹೇಳಿದ್ದೆ ನಾನು."

ಬಾಗಿಲಲ್ಲಿ ತಿರುಮಲ ಯಾರಿಗೋ ಹಾಸಿಗೆ ಮಡಿಚಿದ್ದಕ್ಕೆ ಒಂದು ಬಿಲ್ಲೆ ಎಣಿಸಿಕೊಡುತ್ತಿದ್ದ. ವಾಸಂತಿಯ ಬಾಯಿಗೆ ಏನೇನೋ ಮಾತು ಬಂದವು, ನಿನ್ನ ಒಳ್ಳೆಯದಕ್ಕೆ, ಗಾಯ ಆಗಿತ್ತಲ್ಲ, ಡಾಕ್ಟರಿಗೆ ಗೊತ್ತಾಗಬೇಕಿತ್ತು. ಎಲ್ಲವೂ ನಿಜ.

"ಮೂವತ್ತು," ಎಂದಳು.

ಅವನ ಮುಖ ಸ್ವಲ್ಪ ಗೆಲುವಾಯಿತು. "ನಂದು ಮೂವತ್ತು ನಿಂಗೆ ಬಂತಾ? ಹಾಗಾದ್ರೆ ಎಲ್ಲೂ ಹೋಗ್ಲಿಲ್ಲ." ಯೋಚಿಸಿ ತಲೆದೂಗಿದ. "ಕಾಫಿಗೆ ಸುರೀಬೇಡ. ಕೂಡಿಟ್ಕೋ. ಇನ್ನೆಪ್ಪತ್ತು ಆದ್ರೆ ನೀನೂ ಮನೆಗೆ ಹೋಗ್ಬಹುದು."

ಅವಳು ಎದ್ದಳು. ನಂದಿತಾಳ ಕೋಣೆಯ ಮುಂದೆ ನಿಲ್ಲದೆ ದಾಟಿ, ಗೇಟಿನ ಹತ್ತಿರ ತಿರುಮಲ ಬೀಗ ತೆಗೆಯುವವರೆಗೆ ಕಂಬಿ ಹಿಡಿದು ಕಾದಳು. ಹೊರಗೆ ಬಿಸಿಲು ಏರಿತ್ತು. ಗೇಟು ಹಿಂದೆ ಮುಚ್ಚಿಕೊಂಡಾಗ ಅದು ಬಂತು, ಬರುತ್ತದೆಂದು ಅವಳು ಹೆದರುತ್ತಿದ್ದದ್ದೇ: ಅವನು ಬರಲಿಲ್ಲ, ತಾನು ಕರೆದೆ, ಅವನೇ ಬರಲಿಲ್ಲ ಎಂಬ ನೆಮ್ಮದಿ. ಅದು ಬೆನ್ನಿನ ಉದ್ದಕ್ಕೂ ತಣ್ಣಗೆ ಇಳಿಯಿತು. ರಸ್ತೆ ಬದಿಯ ಚರಂಡಿಯ ಪಕ್ಕ ಬಗ್ಗಿ ನಿಂತು ಕಾರಿಕೊಳ್ಳಲು ನೋಡಿದಳು. ಏನೂ ಬರಲಿಲ್ಲ. ಹೊಟ್ಟೆ ಹಸಿದಿತ್ತು.